ಎಂಟೋ, ಹತ್ತೋ

ಯಲಹಂಕ ಹಳೆ ಊರು
೧೦ ನವೆಂಬರ್ ೨೦೧೪, ಸೋಮವಾರ

ಪ್ರೀತಿಯ ಮಗಳು ಮಧುಶ್ರೀಗೆ,

ಅಪ್ಪನ ಆಶೀರ್ವಾದ. ಮೈ ಹೇಗಿದೆ? ಗಡಿ ಕಾವಲಿಗೆ ನಿಂತೂ ನಿಂತೂ ಬಂದಿದ್ದ ಮೊಣಕಾಲು ನೋವು ಇಳಿಯಿತೆ? ತ್ರಿಪುರಾದ ನೀರು ಒಗ್ಗಿತೆ? ನಿಮ್ಮಮ್ಮ ಚೆನ್ನಾಗಿದ್ದಾಳೆ, ನಿನಗೆ ಹುರಿಟ್ಟು ಪಾರ್ಸೆಲ್ ಮಾಡುತ್ತೇನೆ ಎಂದು ಎರಡು ವಾರದಿಂದ ಹೇಳುತ್ತಲೇ ಇದ್ದಾಳೆ. ನಾನು ಹೇಗಿದ್ದೇನೆ ಎಂದರೆ, ಇದ್ದೇನೆ. ಮೋಟರ್ ವೈಂಡಿಂಗ್ ಅಂಗಡಿಗೆ ಹೋಗುವುದೇ ಬೇಜಾರು. ಮಧ್ಯಾಹ್ನಕ್ಕೇ ಬಾಗಿಲು ಹಾಕಿ ಬಂದುಬಿಡುತ್ತೇನೆ.

ಈಗ ನಮ್ಮ ಕಾರಿನ ವಿಚಾರ. ಬರುವ ಜನವರಿಯಲ್ಲಿ ರಜೆಗೆ ಬಂದಾಗ ಜಕ್ಕೂರಿನ ಟ್ರ್ಯಾಕಿನಲ್ಲಿ ಜೋಡಿ ರೇಸಿದೆ, ಹತ್ತು ಸುತ್ತು ನೀನು, ಹತ್ತು ಸುತ್ತು ನಾನು, ಹೊಸ ರಿಮೋಟ್ ಕಾರು ತಂದಿಡು ಎಂದು ನೀನು ಹೇಳಿದ್ದೆ. ಒನ್ ಬೈ ಟೆನ್, ಅಂದರೆ ನಿಜವಾದ ಕಾರಿನ ಹತ್ತನೇ ಒಂದು ಪಾಲಿನದೇ ಆಗಬೇಕು ಎಂದು ಎರಡೆರಡು ಸಲ ಹೇಳಿದ್ದೆ. ನಾನು ಒನ್ ಬೈ ಎಯ್ಟ್ ತಂದುಬಿಟ್ಟಿದ್ದೇನೆ. ಹತ್ತಕ್ಕಿಂತ ಎಂಟು ಚಿಕ್ಕದಲ್ಲವೆ, ಚಿಕ್ಕ ಕಾರು ಚುರುಕಾಗಿ ತಿರುಗುತ್ತದೆ ಎಂದುಕೊಂಡೆ. ಡಬ್ಬ ಬಿಚ್ಚಿದರೆ ಕುರಿಮರಿಯಷ್ಟು ದೊಡ್ಡ ಗಾಡಿ. ನಿಮ್ಮಮ್ಮ, "ಇದೇನ್ರೀ, ಇದಕ್ಕೂ ಮೇವು ಹಾಕ್ಬೇಕಾ?" ಅಂದಳು.

ನಿನ್ನೆ ಟ್ರ್ಯಾಕಿಗೆ ಹೊತ್ತುಕೊಂಡು ಹೋದೆ. ಪಕ್ಕದ ಅಪಾರ್ಟ್‌ಮೆಂಟಿನವರು ಬೇಲಿ ಹಾಕಿದ ಮೇಲೆ ಜಾಗ ಅರ್ಧವಾಗಿದೆ. ಗಾಡಿ ವೇಗ ಹಿಡಿಯುವಷ್ಟರಲ್ಲಿ ದಾರಿಯೇ ಮುಗಿಯುತ್ತದೆ. ಆಚೆ ತಿರುವಿನಲ್ಲಿ ಮೂರು ಸಲ ಟೈರಿನ ಗೋಡೆಗೆ ಗುದ್ದಿತು. ಟ್ರ್ಯಾಕ್ ನಡೆಸುವ ಖಾದರ್ ಬಾಷಾ ಹೊಟ್ಟೆ ಹಿಡಿದುಕೊಂಡು ನಕ್ಕ. "ಬೈ ಟೂ ಕಾಫಿಗಿಂತ ಬೈ ತ್ರೀ ಕಾಫಿ ಜಾಸ್ತಿ ಬರುತ್ತಾ ಕದಿರಣ್ಣ? ಜೋಡಿ ರೇಸಿಗೆ ಹತ್ತರದ್ದು ಬಿಟ್ಟು ಬೇರೆ ಸೇರ್ಸಲ್ಲ" ಅಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ನಗುವುದಕ್ಕೂ ಸುಸ್ತಾಗುತ್ತದೆ ಈಚೆಗೆ. ಇದನ್ನು ಅವನೇ ಇಟ್ಟುಕೊಂಡು ಹತ್ತರದ್ದು ಕೊಡುತ್ತಾನಂತೆ. ನಾನಿನ್ನೂ ಹ್ಞೂಂ ಅಂದಿಲ್ಲ. ಈ ಸಲ ರೇಸು ಬಿಟ್ಟುಬಿಡೋಣವೆ?

ಆರನೇ ಕ್ಲಾಸಿನಲ್ಲಿ ನೀನು ಮೊದಲ ಸಲ ರಿಮೋಟ್ ಹಿಡಿದದ್ದು ನೆನಪಿದೆಯೆ? ತಿರುವು ಬಂದರೆ ಹೆದರಿ ಕಣ್ಣು ಮುಚ್ಚುತ್ತಿದ್ದೆ. ನಾನು ಬೆನ್ನ ಹಿಂದೆ ನಿಂತು, "ಈಗ! ಈಗ್ ತಿರುಗ್ಸು ಮಗಾ!" ಅನ್ನುತ್ತಿದ್ದೆ. ನೀನು ಕಣ್ಣು ಮುಚ್ಚಿಕೊಂಡೇ ತಿರುಗಿಸುತ್ತಿದ್ದೆ, ಕಾರು ತಿರುಗಿಯೂ ಬಿಡುತ್ತಿತ್ತು. ಯಾಕೋ ಅದೇ ನೆನಪಾಗುತ್ತಿರುತ್ತದೆ.

ಹೊತ್ತಿಗೆ ಸರಿಯಾಗಿ ಉಣ್ಣು. ಮಹೇಶ್ವರಮ್ಮ ನಿನ್ನ ಬೆನ್ನಿಗಿರಲಿ.

ನಿನ್ನ ಅಪ್ಪ,
ಕದಿರಪ್ಪ

ಮರೆತಿದ್ದು: ಅಂಚೆ ಎತ್ತುವ ಹೊತ್ತಾಯಿತು, ಬೇಗ ಹೇಳಿಬಿಡುತ್ತೇನೆ. ನಲವತ್ತು ವರ್ಷ ತಾಮ್ರದ ತಂತಿ ಸುತ್ತಿದವನು ನಾನು. ತಂತಿಯಲ್ಲೂ ನಂಬರು ದೊಡ್ಡದಾದಷ್ಟೂ ಎಳೆ ಸಣ್ಣ. ಅಂಥವನು ಎಂಟಕ್ಕೂ ಹತ್ತಕ್ಕೂ ತಪ್ಪುತ್ತೇನೆಯೆ? ಬೇಕೆಂದೇ ದೊಡ್ಡದು ತಂದೆ. ಚಿಕ್ಕ ಕಾರು ಆಚೆ ತಿರುವಿಗೆ ಹೋದರೆ ನನಗೆ ಕಾಣುವುದಿಲ್ಲ ಮಗಳೇ. ನಿನ್ನೆ ನೋಡಿದರೆ ದೊಡ್ಡದೂ ಕಾಣಲಿಲ್ಲ. ಕಣ್ಣಿನ ನರ ಸೋತಿದೆ, ಹೋದದ್ದು ಬರುವುದಿಲ್ಲ, ಹನಿ ಹಾಕಿಕೊಂಡು ಇರುವುದನ್ನು ಉಳಿಸಿಕೊಳ್ಳಿ ಅಂದರು ಡಾಕ್ಟರು. ನಿಮ್ಮಮ್ಮನಿಗೆ ಹೇಳಿಲ್ಲ, ಫೋನಿನಲ್ಲಿ ನಿನಗೆ ಹೇಳೋಣವೆಂದರೆ ಅವಳು ಪಕ್ಕದಲ್ಲೇ ಇರುತ್ತಾಳೆ. ರೇಸು ಬಿಡುವುದು ಬೇಡ. ನಾಳೆಯೇ ಹತ್ತರದ್ದು ತರುತ್ತೇನೆ. ನನ್ನ ಹತ್ತು ಸುತ್ತಿಗೆ ನೀನು ಬೆನ್ನ ಹಿಂದೆ ನಿಂತು "ಈಗ" ಅನ್ನು, ನಾನು ತಿರುಗಿಸುತ್ತೇನೆ.