ಬುಗ್ಗೆಯ ಪೊದೆಗೆ ಕಟ್ಟಿದ ನೀಲಿ ಅಂಗಿ

ಟೋಪ್ಲಿ ದೋಲ್
ಅಕ್ಟೋಬರ್ ೧೨

ಪ್ರೀತಿಯ ಅಸೆನ್,

ಹಡಗಿನ ಅಡುಗೆಮನೆಯಲ್ಲಿ ನೀನು ಆರೋಗ್ಯವಾಗಿದ್ದೀಯ ಅಂದುಕೊಂಡಿದ್ದೇನೆ. ಮೂರು ವಾರದಿಂದ ಬರೆಯಲಿಲ್ಲ, ಬೇಸರ ಮಾಡಿಕೊಳ್ಳಬೇಡ. ಕೆಂಪು ಮೆಣಸಿನಕಾಯಿ ಸುಟ್ಟು, ಸಿಪ್ಪೆ ಸುಲಿದು, ಸೀಸೆಗಳಿಗೆ ತುಂಬುವಷ್ಟರಲ್ಲಿ ಬೆರಳು ಉರಿದು ಪೆನ್ನು ಹಿಡಿಯಲಾಗುತ್ತಿರಲಿಲ್ಲ. ನಾಲ್ಕನೇ ತರಗತಿಗೇ ಶಾಲೆ ಬಿಟ್ಟವಳ ಅಕ್ಷರ ಮೊದಲೇ ಸೊಟ್ಟ.

ಗುರುವಾರ, ಹೆಂಗಸರು ಮೀಯುವ ದಿನ, ಅತ್ತೆ ನನ್ನನ್ನು ಮತ್ತೆ ಬಿಸಿನೀರ ಬುಗ್ಗೆಗೆ ಕರೆದುಕೊಂಡು ಹೋದರು. ಮಗುವಿಗಾಗಿ ಈ ವರ್ಷ ಇದು ಒಂಬತ್ತನೇ ಸಲ. ನೀರಿಗಿಳಿದದ್ದೇ ಮೈಯೆಲ್ಲ ಸಡಿಲವಾಗಿ, ಕಲ್ಲಿಗೆ ತಲೆಯೊರಗಿಸಿ ಕಣ್ಣು ಮುಚ್ಚಿದೆ. ಸ್ನಾನದಮನೆ ನೋಡಿಕೊಳ್ಳುವ ತ್ಸೋನಾ ಅಜ್ಜಿ ನನ್ನ ಬೆನ್ನು ಉಜ್ಜುತ್ತಾ, "ಏನೇ ಹುಡುಗಿ, ಮಗು ಕೇಳೋಕೆ ಬಂದ್ಯೋ, ಕುಂಬಳಕಾಯಿ ಥರ ಬೇಯೋಕೆ ಬಂದ್ಯೋ?" ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಮಿಂದ ಮೇಲೆ, ಕುಂದು ಇರುವವರು ಅದು ಅಲ್ಲೇ ಉಳಿಯಲಿ ಅಂತ ತಮ್ಮದೊಂದು ಬಟ್ಟೆಯನ್ನು ಬುಗ್ಗೆಯ ಪಕ್ಕದ ಪೊದೆಗೆ ಕಟ್ಟಿ ತಿರುಗಿ ನೋಡದೆ ಬರಬೇಕಲ್ಲ. ನಾನು ಕೋಟಿನೊಳಗೆ ತೊಟ್ಟು ಹೋಗಿದ್ದುದು ನಿನ್ನ ನೀಲಿ ಅಂಗಿ. ನೀನಿಲ್ಲದಾಗ ಅದನ್ನೇ ಹಾಕಿಕೊಂಡು ಮಲಗುತ್ತೇನೆ. ಆಯಾಸದಲ್ಲಿ ಬದಲಾಯಿಸಿರಲಿಲ್ಲ, ಅದನ್ನೇ ಕಟ್ಟಿಬಿಟ್ಟೆ.

"ಅಯ್ಯೋ, ಗಂಡಸಿನ ಅಂಗಿ!" ಅಂತ ತ್ಸೋನಾ ಅಜ್ಜಿ ಕೂಗಿ, ಅತ್ತೆಯ ಕಡೆ ತಿರುಗಿದಳು. "ವೆಲಿಕಾ, ಕುಂದು ನಿನ್ನ ಮಗಂದೇನೇ? ಹಾಗಿದ್ರೆ ಅವನನ್ನ ನೆನೆಹಾಕ್ಬೇಕಿತ್ತು ಕಣೆ!"

ಅತ್ತೆಯ ಮುಖ ಕೆಂಪಾಯಿತು. "ಬಿಚ್ಚೇ ಅದನ್ನ!" ಅಂದರು.

"ಕಟ್ಟಿದ್ದನ್ನ ಬಿಚ್ಚಬಾರದು ಅಂತ ನೀವೇ ಹೇಳ್ಕೊಟ್ಟಿದ್ದಲ್ವಾ ಅತ್ತೆ," ಅಂದೆ. ಅಷ್ಟು ಮಾತು ಹೇಗೆ ಬಂತೋ ತಿಳಿಯದು.

ದಾರಿಯುದ್ದಕ್ಕೂ ಅವರು ನನಗಿಂತ ಹತ್ತು ಹೆಜ್ಜೆ ಮುಂದೆಯೇ ನಡೆದರು. ಮನೆಯಲ್ಲಿ ಹುರುಳಿಕಾಯಿ ಸಾರು ಬಡಿಸಿ, "ನನ್ನ ಮಗ ಎತ್ತಿನ ಹಾಗಿದಾನೆ. ಮುಂದಿನ ಸಲ ನಿನ್ನ ಬಟ್ಟೇನೇ ಕಟ್ಟು," ಅಂದರು. ಆಗಲಿ ಅಂದೆ.

ಸಮುದ್ರ ಶಾಂತವಾಗಿರಲಿ. ಮೇರಿ ತಾಯಿ ನಿನ್ನನ್ನು ಕಾಯಲಿ.

ನಿನ್ನ
ದಫೀನಾ

ಮತ್ತೆ: ಆಯಾಸದಲ್ಲಿ ಕಟ್ಟಿದೆ ಅಂತ ಮೇಲೆ ಬರೆದದ್ದು ಸುಳ್ಳು. ಆಗಸ್ಟಿನಲ್ಲಿ ನಿನ್ನ ಹಳೇ ಚೀಲ ಒಗೆಯಲು ತೆಗೆದಾಗ ಆಸ್ಪತ್ರೆಯ ಕಾಗದ ಸಿಕ್ಕಿತು. ನಿನ್ನಿಂದ ಮಗುವಾಗುವುದಿಲ್ಲ ಎಂದಿತ್ತು. ತಪ್ಪು ಓದಿದೆನೇನೋ ಅಂತ ಮೂರು ಸಲ ಓದಿದೆ. ತಾರೀಖು ನಮ್ಮ ಮದುವೆಗಿಂತ ಹಿಂದಿನದು. ನಾನು ಒದ್ದೆ ಕೂದಲಲ್ಲಿ ಬುಗ್ಗೆಯಿಂದ ಬಂದಾಗಲೆಲ್ಲ ನೀನು ಒಲೆಯ ಪಕ್ಕ ಕುರ್ಚಿ ಎಳೆದುಕೊಟ್ಟು, "ಈ ಸಲ ಆಗುತ್ತೆ ಬಿಡು" ಅನ್ನುತ್ತಿದ್ದೆ. ಅತ್ತೆಗೆ ನಾನು ಹೇಳಿಲ್ಲ, ಹೇಳುವುದೂ ಇಲ್ಲ. ಬಂದರಿನಲ್ಲಿ ಈ ಪತ್ರ ಸಿಕ್ಕಿದ ಕೂಡಲೇ ಫೋನ್ ಮಾಡಿ ನೀನೇ ಹೇಳು. ಅಲ್ಲಿಯವರೆಗೂ ಪ್ರತಿ ಗುರುವಾರ ಹೋಗಿ ನೀರಿಗಿಳಿಯುತ್ತಿರುತ್ತೇನೆ.