ನಾನು ಕೇಳದ ಗೆಲುವು

ಚದುರಂಗದ ಆ್ಯಪ್ ನಡೆಸುವ ಸಂಸ್ಥೆಯ ‘ಬಳಕೆದಾರರ ಅಭಿಪ್ರಾಯ ವಿಭಾಗ’ದ ಮುಖ್ಯಸ್ಥರಿಗೆ,

ಮಾನ್ಯರೇ,

ನಿಮ್ಮ ಹೊಸ ಆವೃತ್ತಿ ನನ್ನನ್ನು ಗೆಲ್ಲಿಸಿದೆ. ಅದರ ವಿರುದ್ಧವೇ ಈ ದೂರು.

ನಗಬೇಡಿ. ನಿಮ್ಮ ಸಹಾಯವಾಣಿಯಲ್ಲಿ ಫೋನ್ ಎತ್ತಿದ ಹೆಣ್ಣುಮಗಳೂ ಮೊದಲು ನಕ್ಕಳು. “ಮೇಡಂ, ಗೆದ್ದಿರೋದು ನೀವೇ ಅಲ್ವಾ? ಮತ್ತೆ ದೂರು ಏನು?” ಎಂದಳು. ವಿವರಿಸಿದೆ. ಸ್ವಲ್ಪ ಹೊತ್ತು ಏನೇನೋ ಒತ್ತಿ ನೋಡಿ, ಪಾಪ, ನಿಜವಾದ ಬೇಸರದಿಂದಲೇ ಹೇಳಿದಳು: “ಸೋತವರ ದೂರು ಹಾಕೋಕೆ ಜಾಗ ಇದೆ ಮೇಡಂ. ಗೆದ್ದವರದ್ದನ್ನ ಎಲ್ಲಿ ಹಾಕ್ಬೇಕೋ ಗೊತ್ತಾಗ್ತಿಲ್ಲ.”

ನಾನು ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಕಾಲರ್ ಕೂರಿಸುವವಳು. ನನ್ನ ಅಕ್ಕ ಬೇರೆ ಊರಿನ ಆಸ್ಪತ್ರೆಯಲ್ಲಿ ನರ್ಸ್. ಅಮ್ಮನಿಗೆ ಆಪರೇಷನ್ ಮಾಡಿಸಬೇಕೋ ಬೇಡವೋ ಎಂದು ವಾರ್ಡಿನ ಹೊರಗೆ ನಿಂತು ಜಗಳವಾಡಿದೆವು. ನಾನು ಬೇಕು ಎಂದೆ, ಅವಳು ಬೇಡ ಎಂದಳು. ನಮ್ಮ ತೀರ್ಮಾನಕ್ಕೆ ಕಾಯದೆ ಅಮ್ಮ ಹೋಗಿಬಿಟ್ಟಳು. “ಎಲ್ಲದರಲ್ಲೂ ನೀನೇ ಗೆಲ್ಲಬೇಕು, ಅಲ್ವೇನೇ?” ಎಂದದ್ದೇ ಅಂದು ಅಕ್ಕ ನನ್ನೊಂದಿಗೆ ಆಡಿದ ಕೊನೆಯ ಮಾತು. ಕೆಲವು ತಿಂಗಳ ಮೇಲೆ ನಿಮ್ಮ ಆ್ಯಪಿನಿಂದ ಅವಳ ಆಹ್ವಾನ ಬಂತು. ಜೊತೆಗೆ ಒಂದಕ್ಷರವಿಲ್ಲ, ಬರೀ ಆಟ.

ಆಗ ನಿಮ್ಮ ಆ್ಯಪಿಗೆ ಅವಸರವಿರಲಿಲ್ಲ. ಅವಳ ಪಾಳಿ ಮುಗಿದಾಗ ಒಂದು ನಡೆ, ನನ್ನ ಊಟದ ಬಿಡುವಿನಲ್ಲಿ ಒಂದು ನಡೆ. ಅವಳು ಕುದುರೆಯನ್ನು ಮುಂದೆ ಹಾರಿಸಿದರೆ ಕೋಪ ಇನ್ನೂ ಇಳಿದಿಲ್ಲ ಎಂದುಕೊಳ್ಳುತ್ತಿದ್ದೆ. ಆನೆಯನ್ನು ಹಿಂದಕ್ಕೆಳೆದರೆ, ಪಾಪ, ನಿದ್ದೆಗೆಟ್ಟಿದ್ದಾಳೆ ಎಂದು. ಬರಬರುತ್ತಾ ಒಂದು ವಿಚಿತ್ರ ನಡೆಯಿತು. ನನ್ನ ಮಂತ್ರಿ ಅವಳ ಬಾಯಿಗೇ ಸಿಕ್ಕಿದ್ದರೂ ಅವಳು ಹೊಡೆಯಲಿಲ್ಲ. ಅವಳ ರಾಜನನ್ನು ಕಟ್ಟಿಹಾಕುವ ದಾರಿ ಕಣ್ಣಿಗೆ ರಾಚುತ್ತಿದ್ದರೂ ನಾನು ಒಂದು ಕಾಲಾಳನ್ನು ಸರಿಸಿ ಸುಮ್ಮನಾದೆ. ಸರಿಸಲು ಕಾಲಾಳುಗಳು ಉಳಿಯದಾದಾಗ ಇಬ್ಬರೂ ಆನೆಯನ್ನು ಆಚೆಗೊಮ್ಮೆ ಈಚೆಗೊಮ್ಮೆ ಓಡಾಡಿಸಿದೆವು. ಆಟ ಮುಗಿದರೆ ಒಬ್ಬರಾದರೂ ಬಾಯಿ ಬಿಡಬೇಕಾಗುತ್ತಿತ್ತು. ಅಷ್ಟು ಧೈರ್ಯ ಇಬ್ಬರಿಗೂ ಇರಲಿಲ್ಲ.

ಆಮೇಲೆ ತಾವು ಸುಧಾರಿಸಿದಿರಿ. ‘ಬಳಕೆದಾರರ ಬೇಡಿಕೆಯ ಮೇರೆಗೆ’ ಒಂದು ದಿನದೊಳಗೆ ನಡೆ ಇಡದವರು ಸೋತಂತೆ. ಅಕ್ಕ ಯಾವ ರೋಗಿಯ ಪಕ್ಕದಲ್ಲಿದ್ದಳೋ, ಒಂದು ದಿನ ಅವಳ ನಡೆ ಬರಲಿಲ್ಲ. ನನ್ನ ಫೋನು ಕ್ಯಾಂಟೀನಿನ ನಡುವೆ ತುತ್ತೂರಿ ಊದಿತು, ಪರದೆಯ ಮೇಲೆ ಬಣ್ಣದ ಕಾಗದ ಸುರಿಯಿತು. ಪಕ್ಕದವರು ಚಪ್ಪಾಳೆ ತಟ್ಟಿದರು.

ನಿಮ್ಮ ಕಷ್ಟ ನನಗೆ ಅರ್ಥವಾಗುವುದಿಲ್ಲ ಎಂದಲ್ಲ. ಒಬ್ಬರಿಗೆ ಅಕ್ಷರ ದೊಡ್ಡದಾಗಬೇಕು, ಇನ್ನೊಬ್ಬರಿಗೆ ಚಿಕ್ಕದು. ಯಾರ ಮಾತು ಕೇಳಿದರೂ ಮತ್ತೊಬ್ಬರಿಂದ ಬೈಗುಳ ತಪ್ಪಿದ್ದಲ್ಲ. ಆದರೆ ಒಂದು ಯೋಚಿಸಿದ್ದೀರಾ? ಅವಸರವಿದ್ದವರು ಕೂಡಲೇ ದೂರು ಬರೆಯುತ್ತಾರೆ. ನಿಧಾನದವರು ಬರೆಯುವುದಿಲ್ಲ, ಅವರಿಗೆ ಎಲ್ಲವೂ ಸರಿಯಾಗಿಯೇ ಇರುತ್ತದೆ, ನೀವು ಸರಿಪಡಿಸುವವರೆಗೆ. ಸುಮ್ಮನಿದ್ದವರೆಲ್ಲ ಒಪ್ಪಿದ್ದಾರೆ ಎಂದು ನಿಮಗೆ ಹೇಳಿದವರು ಯಾರು?

ಕೊನೆಗೆ ನಾನೂ ಬರೆದೆ. ‘ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ’ ಎಂದು ನಗುಮುಖದ ಉತ್ತರ ಬಂತು. ಮತ್ತೆ ಬರೆದೆ. ಅಷ್ಟರಲ್ಲಿ ಇನ್ನೊಂದು ಆವೃತ್ತಿ ಇಳಿದಿತ್ತು. ‘ತಾವು ದೂರಿದ ಪುಟ ಹೊಸ ಆವೃತ್ತಿಯಲ್ಲಿ ಇಲ್ಲವಾದ್ದರಿಂದ ತಮ್ಮ ಸಮಸ್ಯೆ ಬಗೆಹರಿದಿದೆ’ ಎಂದಿರಿ. ಮಾಡು ಸೋರುತ್ತದೆ ಎಂದವರ ಮನೆಯನ್ನೇ ಕೆಡವಿ, ಈಗ ಸೋರುತ್ತಿಲ್ಲವಲ್ಲ ಎಂದ ಹಾಗಾಯಿತು. ಎಂಥ ಚುರುಕು ಸ್ವಾಮಿ ನಿಮ್ಮದು!

ನಮ್ಮ ಕಟಿಂಗ್ ಮಾಸ್ತರರು ಬೈದರು. “ಒಂದು ಫೋನ್ ಮಾಡಿದ್ರೆ ನಿನ್ನ ಗಂಟೇನಮ್ಮ ಹೋಗುತ್ತೆ?” ಮಾಡಿದೆ. ಅಕ್ಕ ಎತ್ತಿದಳು.

“ಗೆದ್ಯಲ್ಲ. ಇನ್ನೇನು ಬೇಕು?”

“ಅಕ್ಕಾ, ಅದು ನಾನಲ್ಲ ಕಣೇ, ಆ ಆ್ಯಪೇ ತಾನಾಗಿ...”

“ಹೌದಮ್ಮ. ಯಾವಾಗ್ಲೂ ನೀನಲ್ಲ.”

ಇಟ್ಟುಬಿಟ್ಟಳು. ಆಮೇಲೆ ನಾನು ಕಳಿಸಿದ ಆಹ್ವಾನಗಳೆಲ್ಲ ಹಾಗೇ ಬಿದ್ದಿವೆ. ಕ್ಯಾಂಟೀನಿನಲ್ಲಿ ಈಗ ಗೋಡೆ ನೋಡುತ್ತಾ ಉಣ್ಣುತ್ತೇನೆ. ಇಷ್ಟು ಜನರ ನಡುವೆ ನನಗೆ ಯಾರೂ ಇಲ್ಲ ಅನಿಸುತ್ತದೆ. ಇದನ್ನು ಹೇಳಿಕೊಳ್ಳಲು ನಿಮ್ಮ ಅಭಿಪ್ರಾಯದ ಪುಟದಲ್ಲಿ ಜಾಗವಿರಲಿಲ್ಲ. ಐದು ನಕ್ಷತ್ರಗಳಿದ್ದವು ಅಷ್ಟೇ.

ಹಳೆಯ ಆವೃತ್ತಿಯನ್ನು ಮರಳಿ ತನ್ನಿ ಎಂದು ನಾನು ಕೇಳುವುದಿಲ್ಲ. ಅವಸರದವರು ಸುಖವಾಗಿರಲಿ. ನಮ್ಮ ಒಂದು ಆಟವನ್ನು ಮಾತ್ರ ನಿಂತಲ್ಲಿಂದ ತೆರೆದುಕೊಡಿ. ಅದು ಆಗದಿದ್ದರೆ ಫಲಿತಾಂಶವನ್ನು ತಿರುಗಿಸಿ, ತಂಗಿ ಸೋತಳೆಂದು ಅವಳಿಗೆ ತಿಳಿಸಿ. ಆ ಹಾಳು ತುತ್ತೂರಿ ಅವಳ ಫೋನಿನಲ್ಲಿ ಊದಲಿ, ಬಣ್ಣದ ಕಾಗದವೆಲ್ಲ ಅವಳ ಮೇಲೆ ಸುರಿಯಲಿ. ನನ್ನನ್ನು ಹಂಗಿಸುವುದಕ್ಕಾದರೂ ಅವಳು ಒಂದು ಫೋನ್ ಮಾಡಿಯಾಳು.

ಇಂತಿ,
ನಿಮ್ಮ ದಾಖಲೆಗಳ ಪ್ರಕಾರ ವಿಜೇತೆ