ಹೊತ್ತಿದ ರೊಟ್ಟಿ ಯಾರ ತಟ್ಟೆಗೆ

ನನ್ನ ಕಾಕು,

ನಮಸ್ಕಾರ ಅಂತ ಬರೆದರೆ ನೀವು ನಗುತ್ತೀರಿ. ದಿನಾ ಬಂದವಳೇ ಬಳೆ ಮೇಲೇರಿಸಿ ಹಿಟ್ಟಿಗೆ ಕೈ ಹಾಕುತ್ತಿದ್ದವಳು ನಿಮಗೆ ಯಾವತ್ತು ನಮಸ್ಕಾರ ಹೇಳಿದ್ದಳು? ಅದಕ್ಕೇ ನೇರ ಸುದ್ದಿಗೆ ಬರುತ್ತೇನೆ. ಸುದ್ದಿ ಒಳ್ಳೆಯದೇ ಇದೆ. ಆದರೆ ನೀವು ಕಲಿಸಿದ ಹಾಗೆ ಮೊದಲಿನಿಂದ ಹೇಳುತ್ತೇನೆ, ನಡುವೆ ಎದ್ದು ಹೋಗಬೇಡಿ.

ಕೋರಾಡಿ ವಿದ್ಯುತ್ ಸ್ಥಾವರದ ನಿಮ್ಮ ಕ್ವಾರ್ಟರ್ಸಿನ ಬಾಗಿಲಲ್ಲಿ ನಾನು ಮೊದಲ ಸಲ ನಿಂತದ್ದು ನೆನಪಿದೆಯೇ? ಜೋಳದ ರೊಟ್ಟಿ ಬಡಿಯುವವರು ಬೇಕಂತೆ ಅಂತ ಯಾರೋ ಹೇಳಿದ್ದರು. ನಾನು ತಲೆ ತಗ್ಗಿಸಿ ಮರಾಠಿಯಲ್ಲಿ ಮಾತಾಡಿದೆ. ನೀವೂ ಮರಾಠಿಯಲ್ಲೇ ಒಳಗೆ ಕರೆದಿರಿ. ಮೊದಲ ರೊಟ್ಟಿ ಬಡಿಯುವುದನ್ನು ನೋಡಿ, "ಇದು ನಮ್ಮ ವಿಜಾಪುರದ ಕಡೀ ಕೈ. ಬಾಯಿ ಯಾಕ ಬ್ಯಾರೆ ಊರಿಂದು ಇಟ್ಟೀ?" ಅಂದಿರಿ. ಇಂಡಿ ಹತ್ತಿರದ ಹಳ್ಳಿಯಲ್ಲಿ ನಾಲ್ಕನೇ ಇಯತ್ತೆ ಮುಗಿಸಿ, ಮನೆ ಕಟ್ಟುವ ಗೌಂಡಿ ಕೆಲಸಕ್ಕೆ ಹೊರಟ ಅಪ್ಪನ ಹಿಂದೆ ನಾಗಪುರಕ್ಕೆ ಬಂದವಳು ನಾನು. ಕನ್ನಡ ಅವ್ವನ ಜೊತೆ ಆಡುವಷ್ಟು ಉಳಿದಿತ್ತು. ಓದುವುದು ಮರೆತೇಹೋಗಿತ್ತು. ನಿಮ್ಮ ಕಪಾಟಿನ ಪುಸ್ತಕಗಳನ್ನು ಒಂದೊಂದಾಗಿ ಕೈಗಿಟ್ಟು ಅದನ್ನು ಮತ್ತೆ ಕೊಟ್ಟವರು ನೀವು.

ರೊಟ್ಟಿ ಮೊದಲ ಸಲ ಹೊತ್ತಿದ ದಿನ ಮರೆಯಲು ಬರುತ್ತದೆಯೇ? ನಾನು ಬಡಿಯುವುದು, ನೀವು ಹಂಚಿನ ಹತ್ತಿರ ಕೂತು ಒದ್ದೆ ಬಟ್ಟೆಯಿಂದ ನೀರು ಸವರಿ ತಿರುವುವುದು ನಮ್ಮ ರೂಢಿ. ಅವತ್ತು ಸುಮ್ಮನೆ ನಮ್ಮ ಅಜ್ಜಿ ಕಳೆದುಹೋದ ಎಮ್ಮೆ ಹುಡುಕಲು ಹೋದ ಕತೆ ಹೇಳುತ್ತಿದ್ದೆ. ಹೊಗೆ ಎದ್ದಿತು. ನೀವು ಗಡಬಡಿಸಿ ರೊಟ್ಟಿ ಎತ್ತಿ, "ನಿನ್ನ ಕತಿ ಸಲುವಾಗಿ ಹೊತ್ತಿತು ನೋಡು. ಇದನ್ನ ಬರಿ," ಅಂದಿರಿ. ಅಂದಿನಿಂದ ಅದೇ ನಮ್ಮ ಪದ್ಧತಿಯಾಯಿತು. ಬರೆದದ್ದನ್ನು ಬಡಿಯುತ್ತ ಹೇಳಬೇಕು. ಎಲ್ಲಿ ನೀವು ತಿರುವುವುದು ಮರೆತು ರೊಟ್ಟಿ ಹೊತ್ತುತ್ತದೋ ಅಲ್ಲಿ ಕತೆ ಸರಿಯಾಗಿದೆ. ಎಲ್ಲಿ ರೊಟ್ಟಿ ಬೆಳ್ಳಗೆ ಉಬ್ಬಿ ಬರುತ್ತದೋ ಅಲ್ಲಿ ಮತ್ತೆ ಬರೆಯಬೇಕು.

ಮಧ್ಯಾಹ್ನ ಡ್ಯೂಟಿಯಿಂದ ಊಟಕ್ಕೆ ಬಂದ ಕಾಕಾ ತಟ್ಟೆ ನೋಡುತ್ತಿದ್ದ ರೀತಿ ಈಗಲೂ ಕಣ್ಣ ಮುಂದಿದೆ. ಕರಕಲು ರೊಟ್ಟಿ ಯಾವಾಗಲೂ ನಿಮ್ಮ ಯಜಮಾನರ ಪಾಲಿಗೇ ಬರುತ್ತಿತ್ತು. "ಇವತ್ತ ಲೇಖಕಿ ಭಾಳ ಚಲೋ ಹೇಳ್ಯಾಳ ಅಂತ ಕಾಣಸ್ತದ. ಶಿಕ್ಷಾ ಮಾತ್ರ ನನಗ," ಅನ್ನುತ್ತಿದ್ದರು. ಲೇಖಕಿ ಅನ್ನುವ ಮಾತನ್ನು ನನಗೆ ಮೊದಲು ಅಂದವರು ಅವರೇ, ಅದೂ ಬೈಯುವಾಗ. ಸುಮ್ಮನೆ ಉಣ್ಣಿರಿ ಅಂತ ನೀವು ಗದರುತ್ತಿದ್ದಿರಿ. ನಾನು ಸಿಂಕಿನ ಕಡೆ ತಿರುಗಿ ನಗುತ್ತಿದ್ದೆ.

ಆ ಕೊನೆಯ ಶನಿವಾರ ಬಸ್ಸಿನ ಕತೆ ಹೇಳಿದೆನಲ್ಲ... ಸಾವನೇರ್ ಕಡೆಯ ಗಣಿಯಲ್ಲಿ ಕೆಲಸ ಮಾಡುವ ಗಂಡನಿಗಾಗಿ ದಿನಾ ಸಂಜೆ ಬಸ್‌ಸ್ಟಾಪಿನಲ್ಲಿ ಕಾಯುವ ಹೆಂಗಸಿನ ಕತೆ. ಒಂದು ಸಂಜೆ ಬಸ್ಸು ಬರುತ್ತದೆ, ಅವನು ಇಳಿಯುವುದಿಲ್ಲ. ಗಣಿಯಲ್ಲೇ ತೀರಿಕೊಂಡ ಅಂತ ಜೊತೆಯವರು ಹೇಳುತ್ತಾರೆ. ಅವಳು ಅಲ್ಲೇ ಕುಸಿದು ಅಳುತ್ತಾಳೆ. ಅಲ್ಲಿಗೆ ಮುಗಿಸಿದ್ದೆ. ಆ ಕೊನೆಗೆ ಒಂದು ರೊಟ್ಟಿಯೂ ಕಪ್ಪಾಗಲಿಲ್ಲ.

"ಅತ್ತಳು, ಖರೆ. ಅತ್ತಾದ ಮ್ಯಾಲೆ ಏನ್ ಮಾಡಿದ್ಲು?" ಅಂದಿರಿ.

ಏನು ಮಾಡುತ್ತಾಳೆ ಕಾಕು, ಅಷ್ಟೇ ಅಂದೆ.

"ಅಷ್ಟ ಅಲ್ಲ, ರೇಣಿ. ಸೋಮವಾರ ಬಂದು ಹೇಳು."

ಅದೇ ಬಾಯಿಂದ, ನಾಗಪುರದ ಪ್ರತಾಪ ನಗರದಲ್ಲಿ ನಮ್ಮ ಕನ್ನಡದವರ ರಾಜ್ಯೋತ್ಸವಕ್ಕೆ ನಿನ್ನ ಹೆಸರು ಕೊಟ್ಟಿದ್ದೀನಿ, ಈ ಕತೆಯನ್ನೇ ಓದಬೇಕು ಅಂದಿರಿ. ನೀವೇ ಓದಿಬಿಡಿ ಅಂತ ಗೋಗರೆದೆ. ನನ್ನ ಕತೆಯಾಗಿದ್ದರೆ ಓದುತ್ತಿದ್ದೆ ಅಂತ ಹೇಳಿ ಕೈ ತೊಳೆಯಲು ಎದ್ದಿರಿ.

ಸೋಮವಾರ ಬಂದಾಗ ನಿಮ್ಮ ಬಾಗಿಲ ಹೊರಗೆ ಯಾರ್‍ಯಾರದೋ ಚಪ್ಪಲಿ. ಬೆಳಿಗ್ಗೆ ಎದೆ ಹಿಡಿದುಕೊಂಡು ನೀರು ಕೇಳಿದಿರಂತೆ. ಕಾಕಾ ಲೋಟ ತರುವಷ್ಟರಲ್ಲಿ...

ಕರ್ಮಾಂತರ ಮುಗಿದ ಮೇಲೆ ಕಾಕಾ ಫೋನ್ ಮಾಡಿ, ರೊಟ್ಟಿ ಬಡಿಯಲು ಬಾ ಅಂದರು. ಹೋದೆ. ಒಂದು ರೊಟ್ಟಿ ಹಂಚಿಗೆ ಹಾಕಿ, ತಲೆ ಎತ್ತದೆ ಇನ್ನೊಂದಕ್ಕೆ ಹಿಟ್ಟು ತಗೊಂಡೆ. ಹೊಗೆ ತುಂಬಿದಾಗಲೇ ಗೊತ್ತಾದದ್ದು, ನೀವು ತಿರುವುತ್ತೀರಿ ಅಂತ ನನ್ನ ಕೈ ತಿಳಿದುಕೊಂಡಿತ್ತು. ಕಾಕಾ ಬಂದು ಗ್ಯಾಸ್ ಆರಿಸಿದರು. ಕತೆಯಿಲ್ಲದೆ ರೊಟ್ಟಿ ಹೊತ್ತಿದ್ದು ಆ ಮನೆಯಲ್ಲಿ ಅದೊಂದೇ ಸಲ. ಆದರೆ ಬಸ್ಸಿಂದ ಇಳಿದು ಮನೆಗೆ ನಡೆಯುವಾಗ, ಅತ್ತಾದ ಮೇಲೆ ಆ ಹೆಂಗಸು ಏನು ಮಾಡಿದಳು ಅಂತ ನನಗೆ ತಿಳಿದಿತ್ತು.

ಕಾರ್ಯಕ್ರಮದ ದಿನ ನಾನು ವೇದಿಕೆಯ ಕಡೆ ಹೋಗಲೇ ಇಲ್ಲ. ಹಾಲ್‌ನ ಹಿಂದಿನ ಅಡುಗೆಮನೆಯಲ್ಲಿ ಊಟದ ರೊಟ್ಟಿ ಬಡಿಯುತ್ತ ಕೂತೆ. ಮೈಕಿನಲ್ಲಿ ಹೆಸರು ಕೂಗಿದರು. ಬಂದಿಲ್ಲ ಅಂತ ಹೇಳಿಬಿಡಿ ಅಂದೆ, ನನ್ನನ್ನು ಕರೆಯಲು ಬಂದ ಕಾಕಾನಿಗೆ. ಅವರು ನನ್ನ ಕೈಯಿಂದ ಒದ್ದೆ ಬಟ್ಟೆ ಕಸಿದುಕೊಂಡರು.

"ಆಕಿ ಹೆಸರ ಕೊಟ್ಟ ಹೋಗ್ಯಾಳ. ನಾ ಯಾಕ ಸುಳ್ಳು ಹೇಳ್ಲಿ? ನಡಿ, ಹಂಚು ನಾ ನೋಡ್ಕೋತೀನಿ."

ತೋಳಿಗೆ ಹಿಟ್ಟು ಮೆತ್ತಿಕೊಂಡೇ ಹೋಗಿ ನಿಂತೆ, ಕಾಕು. ಮುಂದೆ ಡಾಕ್ಟರು, ಇಂಜಿನಿಯರು, ರೈಲ್ವೆಯವರು. ಕಾಗದದ ಮೇಲಿನ ಅಕ್ಷರ ಕಾಣಲಿಲ್ಲ. ಕಾಗದ ಮೇಜಿನ ಮೇಲಿಟ್ಟೆ. ಅಂಗೈ ತಾನಾಗಿಯೇ ಮೇಜನ್ನು ಮೆಲ್ಲಗೆ ಬಡಿಯತೊಡಗಿತು, ಅದರ ಹಿಂದೆ ದನಿಯೂ ಬಂತು. ನಿಮಗೆ ಹೇಳಿದ ಹಾಗೇ ಹೇಳಿದೆ. ಬಸ್ಸಿಂದ ಅವನು ಇಳಿಯಲಿಲ್ಲ ಅಂದಾಗ ಮುಂದಿನ ಸಾಲಿನ ಹುಡುಗಿಯೊಬ್ಬಳು, "ಫಿರ್ ಕ್ಯಾ ಹುವಾ?", ಆಮೇಲೇನಾಯಿತು, ಅಂತ ಅಮ್ಮನ ಸೆರಗೆಳೆದಳು. ಅಮ್ಮ ಅವಳನ್ನು ನೋಡಲೂ ಇಲ್ಲ.

ಮುಂದೆ ಆದದ್ದು ನೀವು ಕೇಳದ ಭಾಗ. ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಅವಳ ಕೈ ರೂಢಿಯಿಂದ ಅವನ ಪಾಲಿನ ರೊಟ್ಟಿಯನ್ನೂ ಬಡಿಯುತ್ತದೆ. ಚೆಲ್ಲಲು ಮನಸ್ಸಾಗುವುದಿಲ್ಲ. ಬಟ್ಟೆಯಲ್ಲಿ ಕಟ್ಟಿಕೊಂಡು, ಇಷ್ಟು ವರ್ಷ ಕೆಳಗೆ ನಿಂತು ಕಾದ ಅದೇ ಬಸ್ಸನ್ನು ಹತ್ತುತ್ತಾಳೆ. ಗಣಿಯ ಗೇಟಿನಲ್ಲಿ ಇಳಿದು, ಪಾಳಿ ಮುಗಿಸಿ ಬರುವವರನ್ನು ಕೇಳುತ್ತಾಳೆ: "ಯಾರರ ಉಣ್ಣಾವ್ರು ಅದೀರೇನ್ರಪಾ?" ಅಲ್ಲಿಗೆ ನಿಲ್ಲಿಸಿದೆ.

ಚಪ್ಪಾಳೆ ತಡವಾಗಿ ಬಂತು. ಯಾರು ಕಲಿಸಿದರು ಅಂತ ನಿರೂಪಕರು ಕೇಳಿದಾಗ ಮೈಕಿನಲ್ಲಿ ನಿಮ್ಮ ಹೆಸರು ಹೇಳಿದೆ, ಗಟ್ಟಿಯಾಗಿ. ನಾನು! ಹೆಮ್ಮೆಯಾಯಿತು ಅಂತ ಬರೆಯಲು ನಾಚಿಕೆ, ಆದರೆ ನಿಮಗೆ ಬರೆಯದೆ ಇನ್ಯಾರಿಗೆ ಬರೆಯಲಿ?

ಅಡುಗೆಮನೆಗೆ ಬಂದರೆ ಕಾಕಾ ಬಾಗಿಲಲ್ಲೇ ನಿಂತಿದ್ದರು. ಕೈಯಲ್ಲಿನ ಬಟ್ಟೆ ಒಣಗಿತ್ತು. ಒಳಗೆಲ್ಲ ಹೊಗೆ. ನೀವು ಇದ್ದಿದ್ದರೆ ಕೇಳುತ್ತಿದ್ದೆನಲ್ಲ, ಹಾಗೇ ಕೇಳಿದೆ: "ಎಲ್ಲಿ ಹೊತ್ತಿತ್ರಿ?"

"ಆಕಿ ಬಸ್ ಹತ್ತಿದ್ಲಲ್ಲ, ಅಲ್ಲೆ."

ಬೇರೆ ರೊಟ್ಟಿ ಕೊಡುತ್ತೇನೆ ಅಂದರೆ ಕೇಳಲಿಲ್ಲ. ಆ ಕರಕಲನ್ನೇ ತಟ್ಟೆಗೆ ಹಾಕಿಕೊಂಡು ಮೂಲೆಯಲ್ಲಿ ಕೂತರು. ಪೂರ್ತಿ ಉಂಡರು, ಕಾಕು. ಒಂದು ಮಾತೂ ಬೈಯಲಿಲ್ಲ.

ನಿಮ್ಮ
ರೇಣಿ